ಕಡೆಯ ಹೊಲ, ಕಡೆಯ ಬೆಂಚು



ಸವದತ್ತಿಯ ಹತ್ತಿರ ನವಿಲುತೀರ್ಥವಿದೆ. ಗುಡ್ಡವನ್ನು ಸೀಳಿಕೊಂಡು ಮಲಪ್ರಭೆ ಹಾದುಹೋಗುವ ಇಕ್ಕಟ್ಟಿನ ಜಾಗ ಅದು. ಅಲ್ಲಿ ಅಣೆಕಟ್ಟು ನಿಂತು ಅರ್ಧ ಶತಮಾನವಾಯಿತು. ಒಳ್ಳೆಯ ಮಳೆಯಾದ ವರ್ಷ ಸುಮಾರು 38 ಟಿಎಂಸಿ ನೀರು ಅಲ್ಲಿ ತುಂಬಿ ನಿಲ್ಲುತ್ತದೆ. ನೋಡದವರು ಮನಸ್ಸಿನಲ್ಲೇ ಕಂಡುಕೊಳ್ಳಿ. ಮೇಲೆ ಕಣ್ಣು ಹಾಯುವಷ್ಟು ದೂರ ನೀರು, ಕೆಳಗೆ ಕರಿಮಣ್ಣಿನ ಬಯಲು. ಆ ನೀರು ಹೊಲಕ್ಕೆ ಹೇಗೆ ಮುಟ್ಟುತ್ತದೆ? ಮುಖ್ಯ ಕಾಲುವೆಯಿಂದ ಉಪಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ. ಕಡೆಯಲ್ಲಿ ಸಲಿಕೆ ಹಿಡಿದು ನಿಂತ ಒಬ್ಬ ಮನುಷ್ಯ. ಒಡ್ಡು ಕಡಿದು, ಮಣ್ಣು ಎಳೆದು, ನೀರನ್ನು ಸಾಲಿನಿಂದ ಸಾಲಿಗೆ ತಿರುಗಿಸುವವನು ಅವನು. ಜಲಾಶಯ ತುಂಬಿತೆಂದ ಮಾತ್ರಕ್ಕೆ ಹೊಲ ನೆನೆಯುವುದಿಲ್ಲ. ಇದನ್ನು ಮಲಪ್ರಭೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದದ್ದು ಹಿರಿಯರಿಗೆ ನೆನಪಿದೆ. ನೀರು ನೆಟ್ಟಗೆ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದರೆಂಬುದು ಅವರ ದೊಡ್ಡ ನೋವಾಗಿತ್ತು.

ಇಂದಿನ ಮಾತು ನೀರಾವರಿಯದಲ್ಲ, ಶಾಲೆಯದು. ಅದರಲ್ಲೂ ಆನ್‌ಲೈನ್ ಪಾಠದ್ದು. ಇವತ್ತು ಪಾಠಗಳ ಜಲಾಶಯ ತುಂಬಿದೆ. ಪಠ್ಯಪುಸ್ತಕ ತೆರೆಯಿರಿ. ಪುಟದ ಮೂಲೆಯಲ್ಲಿ ಕಪ್ಪು ಚುಕ್ಕಿಗಳ ಒಂದು ಪುಟ್ಟ ಚೌಕ ಕಾಣುತ್ತದೆ. ಅದರ ಮೇಲೆ ಮೊಬೈಲು ಹಿಡಿದರೆ ಅದೇ ಪಾಠದ ವಿಡಿಯೋ ತೆರೆಯುತ್ತದೆ. 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯ ವ್ಯವಸ್ಥೆ ಅದು. ದೂರದರ್ಶನದಲ್ಲಿ ಪಾಠವಿದೆ, ಯೂಟ್ಯೂಬಿನಲ್ಲಿ ಪಾಠವಿದೆ. ಹಾಗಾದರೆ ಕಡೆಯ ಬೆಂಚಿನ ಮಗುವಿಗೆ ಪಾಠ ಮುಟ್ಟಿತೇ? ನನ್ನ ವಾದ ಒಂದೇ. ಆನ್‌ಲೈನ್ ಪಾಠ ಶಾಲೆಗೆ ಬರಲಿ, ಗುರುಗಳ ಕೈಗೆ ಬರಲಿ, ತರಗತಿಯ ನಡುವೆ ಬರಲಿ. ಎಳೆಯ ಮಗುವಿನ ಕೈಗೆ ಅದು ಒಂಟಿಯಾಗಿ ಹೋದರೆ ಕಾಲುವೆಗೆ ಬಿಟ್ಟ ನೀರು ದಾರಿಯಲ್ಲೇ ಇಂಗಿದಂತೆ.

ಇದಕ್ಕೆ ಸಾಕ್ಷಿ ಬೇಕಲ್ಲವೇ? ಹತ್ತಿರದ ಕಾಲದ್ದೇ ಇದೆ. ಈ ನಾಡಿನ ನದಿದಂಡೆಯ ಮಕ್ಕಳಿಗೆ ಶಾಲೆ ತಪ್ಪಿದ ಆ ಕಾಲ 2020ಕ್ಕಿಂತ ಮೊದಲೇ ಶುರುವಾಗಿತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿತು. ಮುನವಳ್ಳಿಗೆ, ರಾಮದುರ್ಗ ತಾಲೂಕಿನ ಹೊಳೆಸಾಲಿನ ಹಳ್ಳಿಗಳಿಗೆ ನೀರು ನುಗ್ಗಿತು. ಮನೆಗಳ ಜೊತೆಗೆ ಶಾಲೆಯ ಗೋಡೆಗಳೂ ನೆನೆದವು. ಮಕ್ಕಳ ಪಾಟಿಚೀಲ ಕೆಸರಿಗೆ ಸೇರಿದವು. ಅದರಿಂದ ಚೇತರಿಸಿಕೊಳ್ಳುವ ಮೊದಲೇ 2020ರ ಮಾರ್ಚ್ ಬಂತು. ಕೊರೊನಾ ಕಾರಣಕ್ಕೆ ರಾಜ್ಯದ ಎಲ್ಲ ಶಾಲೆಗಳಿಗೂ ಬೀಗ ಬಿತ್ತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಆ ಬೀಗ ತೆಗೆದದ್ದು 2021ರ ಅಕ್ಟೋಬರ್ 25ಕ್ಕೆ. ಲೆಕ್ಕ ಹಾಕಿ ನೋಡಿ, ಸುಮಾರು 19 ತಿಂಗಳು. ನಡುವೆ ಸರ್ಕಾರ ಕೈಕಟ್ಟಿ ಕೂರಲಿಲ್ಲ. 2020ರ ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸಂವೇದ ಪಾಠಗಳು ಶುರುವಾದವು. ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಆ ಯೋಜನೆ ಮಾಡಿದ ಮೊದಲ ಕೆಲಸವನ್ನು ಗಮನಿಸಿ. ಮಕ್ಕಳನ್ನು ಮೂರು ಗುಂಪು ಮಾಡಿತು: ಮನೆಯಲ್ಲಿ ಫೋನೇ ಇಲ್ಲದವರು, ಸಾದಾ ಫೋನು ಇದ್ದವರು, ಸ್ಮಾರ್ಟ್‌ಫೋನ್ ಇದ್ದವರು. ಒಂದೇ ತರಗತಿಯಲ್ಲಿ ಒಂದೇ ಕರಿಹಲಗೆಯ ಮುಂದೆ ಕೂತಿದ್ದ ಮಕ್ಕಳು ಮನೆಯ ಫೋನಿನ ಲೆಕ್ಕದಲ್ಲಿ ಬೇರೆಯಾದರು. ತಪ್ಪು ಯೋಜನೆಯದಲ್ಲ. ಇದ್ದ ಸ್ಥಿತಿಯನ್ನು ಅದು ಇದ್ದಂತೆ ಹೇಳಿತು. ಆಮೇಲೆ ಏನಾಯಿತು? ಗುರುಗಳು, ಅಕ್ಕೋರು ಊರಿನೊಳಗೇ ಬಂದರು. ಗುಡಿಯ ಕಟ್ಟೆಯ ಮೇಲೆ, ಮರದ ನೆರಳಲ್ಲಿ, ಸಮುದಾಯ ಭವನದ ಪಡಸಾಲೆಯಲ್ಲಿ ಪಾಠ ನಡೆಯಿತು. ಜನ ಅದನ್ನು ವಠಾರ ಶಾಲೆ ಎಂದರು. ಸೋಂಕಿನ ವರದಿಗಳು ಬಂದು ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಆ ಎರಡು ಮೂರು ತಿಂಗಳಲ್ಲಿ ಅದು ಹಳ್ಳಿಯ ಮಕ್ಕಳ ತನಕ ಹೋದದ್ದು ಗುರುವಿನ ಕಾಲ್ನಡಿಗೆಯಿಂದ. ಗೋಪುರದ ಸಿಗ್ನಲ್ಲಿಗೆ ಆ ಶಕ್ತಿ ಇರಲಿಲ್ಲ.

ಶಾಲೆ ಮುಚ್ಚಿತ್ತು, ಪಾಠ ಗಾಳಿಯಲ್ಲಿತ್ತು ಎಂದೆ. ಆ ಪಾಠ ಎಷ್ಟು ಮಕ್ಕಳಿಗೆ ಸಿಕ್ಕಿತು ಎಂಬುದು ಮುಂದಿನ ಪ್ರಶ್ನೆ. 2021ರ ಆಗಸ್ಟಿನಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್ ಮತ್ತು ಸಂಗಡಿಗರು 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳನ್ನು ಸಮೀಕ್ಷೆ ಮಾಡಿದರು. ಸುಮಾರು 1,400 ಮಕ್ಕಳು. ಹಳ್ಳಿಯ ನೂರು ಮಕ್ಕಳಲ್ಲಿ ದಿನನಿತ್ಯ ಆನ್‌ಲೈನಿನಲ್ಲಿ ಓದುತ್ತಿದ್ದವರು 8. ಏನೂ ಓದದೆ ಕೂತವರು 37. ಅದೇ ವರ್ಷದ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸುಮಾರು 16 ಸಾವಿರ ಮಕ್ಕಳನ್ನು ಪರೀಕ್ಷಿಸಿತು. ಭಾಷೆಯಲ್ಲಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಕೌಶಲವನ್ನು ನೂರಕ್ಕೆ 92 ಮಕ್ಕಳು ಮರೆತಿದ್ದರು. ಗಣಿತದಲ್ಲಿ 82. ಹೊಸದು ಕಲಿಯಲಿಲ್ಲ ಎಂದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬಂದದ್ದೂ ಹೋಯಿತು. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ ಇನ್ನೊಂದು ಅಂಕಿ ಕೊಡುತ್ತದೆ. ಮೂರನೇ ತರಗತಿಯ ಮಗು ಎರಡನೇ ತರಗತಿಯ ಪಾಠವನ್ನು ಸರಾಗ ಓದಬಲ್ಲದೇ ಎಂದು ಅವರು ನೋಡುತ್ತಾರೆ. 2018ರಲ್ಲಿ ನೂರಕ್ಕೆ ಸುಮಾರು 19 ಮಕ್ಕಳು ಓದುತ್ತಿದ್ದರು. 2021ರ ಹೊತ್ತಿಗೆ ಅದು 10ಕ್ಕೆ ಇಳಿಯಿತು. ಅರ್ಧಕ್ಕರ್ಧ.

ಇಲ್ಲಿ ಒಬ್ಬ ಕೇಳುಗರು ನನ್ನನ್ನು ತಡೆಯಬಹುದು. ಶಾಲೆ ತೆರೆದಿದ್ದಾಗಲೂ 19 ಮಕ್ಕಳಷ್ಟೇ ಓದುತ್ತಿದ್ದರಲ್ಲ, ಗುರುಗಳು ಎದುರಿಗಿದ್ದೂ ಉಳಿದ 81 ಮಕ್ಕಳಿಗೆ ಓದು ಬರಲಿಲ್ಲವಲ್ಲ ಎನ್ನಬಹುದು. ಈ ಮಾತು ಸರಿ. ಇದನ್ನು ಮುಚ್ಚಿಟ್ಟು ನಾನು ವಾದ ಗೆಲ್ಲಲಾರೆ. ಗುರು ಎದುರಿಗಿದ್ದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಒಬ್ಬರೇ ಗುರುಗಳು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುವ ಶಾಲೆಗಳಿವೆ. ಅಂಥ ಕೋಣೆಗಾಗಿಯೇ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿ ಎಂಬ ಕಲಿಕೆಯ ಪದ್ಧತಿ ಹುಟ್ಟಿತು. ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಗಣತಿಯ ಕೆಲಸ, ದಿನಕ್ಕೊಂದು ಆ್ಯಪಿನಲ್ಲಿ ಮಾಹಿತಿ ತುಂಬುವ ಕೆಲಸ ಎಲ್ಲ ಅವರ ತಲೆಯ ಮೇಲೇ ಇದೆ. ತಂತ್ರಜ್ಞಾನ ಬಂದು ಗುರುವಿನ ಹೊರೆ ಇಳಿಸಬೇಕಿತ್ತು. ಬಹಳ ಕಡೆ ಅದು ಹೊರೆ ಏರಿಸಿತು. ಗುರು ಇರಬೇಕು, ಮಗುವಿನ ಮುಖ ನೋಡುವಷ್ಟು ಬಿಡುವೂ ಅವರಿಗಿರಬೇಕು. ಎರಡೂ ಸೇರಿದರೆ ಮಾತ್ರ ನಾನು ಹೇಳುವ ಹೊಲಗಾಲುವೆ.

ಇದುವರೆಗೆ ಅಂಕಿಗಳ ಮಾತಾಡಿದೆ. ಅಂಕಿಗಳ ಹಿಂದೆ ಏನು ನಡೆಯುತ್ತದೆ ಎಂದು ಈಗ ಹತ್ತಿರದಿಂದ ನೋಡೋಣ. ನಾಲ್ಕನೇ ತರಗತಿಯ ಒಂದು ಪಾಠ, ಭಿನ್ನರಾಶಿ. ತೆರೆಯ ಮೇಲೆ ಒಂದು ರೊಟ್ಟಿಯ ಚಿತ್ರ. ಅದನ್ನು ನಾಲ್ಕು ಪಾಲು ಮಾಡಿ ಒಂದನ್ನು ತೋರಿಸುತ್ತಾರೆ. ಇನ್ನೊಂದನ್ನು ಮೂರು ಪಾಲು ಮಾಡಿ ಒಂದನ್ನು ತೋರಿಸುತ್ತಾರೆ. ಯಾವುದು ದೊಡ್ಡದು? ಬಹಳ ಮಕ್ಕಳು ನಾಲ್ಕರಲ್ಲೊಂದು ಪಾಲೇ ದೊಡ್ಡದು ಎನ್ನುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ? ಮಗುವಿನ ತರ್ಕದಲ್ಲಿ ತಪ್ಪಿಲ್ಲ. ಅದು ಕಲಿತ ನಿಯಮ ಇಲ್ಲಿ ನಡೆಯುವುದಿಲ್ಲ, ಅಷ್ಟೇ. ವಿಡಿಯೋ ಮುಂದಕ್ಕೆ ಓಡುತ್ತದೆ. ಮಗು ತಲೆಯಾಡಿಸುತ್ತ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತದೆ. ತರಗತಿಯಲ್ಲಿ ಒಬ್ಬ ಅಕ್ಕೋರು ನಿಂತಿದ್ದರೆ ಆ ಮುಖ ಕಾಣುತ್ತದೆ. ಅವರು ವಿಡಿಯೋ ನಿಲ್ಲಿಸುತ್ತಾರೆ. ಬುತ್ತಿಯ ಜೋಳದ ರೊಟ್ಟಿಯನ್ನೇ ತೆಗೆಸುತ್ತಾರೆ. ಮೂರು ಮಂದಿಗೆ ಒಮ್ಮೆ, ನಾಲ್ಕು ಮಂದಿಗೆ ಒಮ್ಮೆ ಹಂಚಿಸುತ್ತಾರೆ. ಪಾಲು ಕೇಳುವವರು ಹೆಚ್ಚಾದರೆ ತುಂಡು ಸಣ್ಣದಾಗುತ್ತದೆ ಎಂದು ಮಗುವಿನ ಕೈಗೇ ಗೊತ್ತಾಗುತ್ತದೆ.

ಭಾಷೆಯ ಮಾತೂ ಇದೆ. ವಿಡಿಯೋದ ಲೆಕ್ಕದಲ್ಲಿ ಕಡಲೆಕಾಯಿ ಬರುತ್ತದೆ. ಬೆಂಗಳೂರು ಕಡೆಯ ಮಗುವಿಗೆ ಅದು ನಿತ್ಯದ ಮಾತು. ಬೈಲಹೊಂಗಲದ ಮಗು ಅದಕ್ಕೆ ಶೇಂಗಾ ಎನ್ನುತ್ತದೆ. ಅದರ ಹೊಲದಲ್ಲಿ ಹಿಂಗಾರಿಗೆ ಬೆಳೆಯುವ ಕಡಲೆಯೇ ಬೇರೆ. ಕಡಲೆಕಾಯಿ ಎಂದರೆ ಅದರ ಕಣ್ಣಿಗೆ ಕಟ್ಟುವುದು ಹಸಿರು ಸುಲಗಾಯಿ. ಮೆಕ್ಕೆಜೋಳ ಎಂದರೂ ಅಷ್ಟೇ, ಇಲ್ಲಿಯ ಮಾತು ಗೋವಿನಜೋಳ. ಸಣ್ಣ ಸಂಗತಿ ಎನ್ನಬೇಡಿ. ಲೆಕ್ಕದ ಮೊದಲ ಮೆಟ್ಟಿಲಲ್ಲೇ ಮಗು ತಡವರಿಸಿದರೆ ಉಳಿದ ಮೆಟ್ಟಿಲು ಹತ್ತುವುದಿಲ್ಲ. ಈ ಅಂತರ ತುಂಬುವವರು ಯಾರು? ಆ ಊರಿನ ಮಾತು ಬಲ್ಲ ಗುರು. ಇನ್ನೂ ಮುಂದೆ ಹೋದರೆ ಅಂತರ ಬೆಳೆಯುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ, ಕನ್ನಡದಲ್ಲಿ 30 ಸಾವಿರದಷ್ಟು. ಅಂತರ್ಜಾಲ ಎಲ್ಲರಿಗೂ ತೆರೆದಿದೆ ಎನ್ನುತ್ತೇವೆ. ಕನ್ನಡದ ಮಗುವಿಗೆ ಅದರ ಒಂದು ಕಿಟಕಿ ಮಾತ್ರ ತೆರೆದಿದೆ. ಕನ್ನಡದಲ್ಲಿ ಒಳ್ಳೆಯ ಪಾಠಗಳನ್ನು, ಅದೂ ನಮ್ಮ ಪ್ರದೇಶದ ಕನ್ನಡದಲ್ಲಿ, ಕಟ್ಟುವ ಕೆಲಸ ಕೇಬಲ್ಲು ಎಳೆಯುವಷ್ಟೇ ತುರ್ತಿನದು.

ಎಳೆಯ ಮಗುವಿಗೆ ತೆರೆಯ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು ಎಂದು ಇಷ್ಟು ಹೊತ್ತು ಹೇಳಿದೆ. ಹಾಗಾದರೆ ದೂರದ ಪಾಠಕ್ಕೆ ಬೆಲೆಯೇ ಇಲ್ಲವೇ? ಇದೆ. ಅದನ್ನು ನಮ್ಮ ಸೀಮೆಯೇ ತೋರಿಸಿಕೊಟ್ಟಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಭಾರತ ಒಂದು ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ಕರ್ನಾಟಕದಲ್ಲಿ ಆರಿಸಿದ್ದು ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳನ್ನು. ಬೆಳಗ್ಗೆ ಶಾಲೆಯ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಹಿರಿಯರಿಗೆ. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಇಡೀ ಶಾಲೆ. ಅದೇ ಪ್ರಯೋಗದಲ್ಲಿ ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿಯನ್ನೂ ಕೊಟ್ಟರು. ಪಾಠ ಗುರುವಿಗೂ ಹೋಯಿತು ಎಂಬುದನ್ನು ಗುರುತಿಸಿಕೊಳ್ಳಿ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿದಾಗ, ನಮ್ಮ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದನ್ನು ಮೊದಲು ಬಳಸಿದವರ ಸಾಲಿನಲ್ಲಿತ್ತು. ಒಬ್ಬ ಪ್ರಾಧ್ಯಾಪಕರ ಪಾಠ ಹಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಏಕಕಾಲಕ್ಕೆ ಕೇಳಿಸಿತು. ಇನ್ನು ಈ ಬಾನುಲಿ. ಧಾರವಾಡ ಆಕಾಶವಾಣಿಗೆ 1950ರಿಂದ ಈ ಸೀಮೆಯ ಮನೆಗಳ ಪರಿಚಯವಿದೆ. ಚಿಣ್ಣರ ಚುಕ್ಕಿ, ಕೇಳಿ ಕಲಿಯಂಥ ಕಾರ್ಯಕ್ರಮಗಳು ರಾಜ್ಯದ ಶಾಲೆಗಳಿಗೆ ಹೋದದ್ದು ಬಾನುಲಿಯ ಮೂಲಕವೇ. ಅದರ ರೀತಿ ಸರಳ. ಪೆಟ್ಟಿಗೆಯೊಳಗಿನ ದನಿ ಒಂದು ಪ್ರಶ್ನೆ ಕೇಳುತ್ತದೆ. ಆಮೇಲೆ ಸುಮ್ಮನಾಗುತ್ತದೆ. ಆ ಮೌನದಲ್ಲಿ ಮಕ್ಕಳು ಉತ್ತರ ಹೇಳುತ್ತಾರೆ, ಗುರುಗಳು ತಿದ್ದುತ್ತಾರೆ. ಈ ಮೌನವೇ ಇಂದಿನ ಆನ್‌ಲೈನ್ ಪಾಠಗಳಲ್ಲಿ ಕಾಣೆಯಾಗಿದೆ ಎಂದು ನನಗನ್ನಿಸುತ್ತದೆ.

ದೂರದ ಪಾಠ ಗುರುವಿನ ಜೊತೆ ಕೂಡಿದಾಗ ಫಲ ಕೊಡುತ್ತದೆ ಎಂದಾಯಿತು. ಈಗ ಆಕ್ಷೇಪಗಳಿಗೆ ಬರೋಣ. ಕೊರೊನಾ ಕಾಲದ ಕಥೆ ಹಳೆಯದು, ಈಗ ಮನೆಮನೆಗೂ ಸ್ಮಾರ್ಟ್‌ಫೋನ್ ಬಂದಿದೆ ಎನ್ನುವವರಿದ್ದಾರೆ. ಬಂದಿರುವುದು ನಿಜ. 2024ರ ಅಸರ್ ಸಮೀಕ್ಷೆ ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳನ್ನು ಕೇಳಿತು. ನೂರರಲ್ಲಿ 80ಕ್ಕೂ ಹೆಚ್ಚು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಬಳಸಬಲ್ಲವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ನೂರಕ್ಕೆ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಫೋನು ಮನೆಗೆ ಬಂದಿದೆ, ಓದು ಅದರ ಹಿಂದೆಯೇ ಬಂದಿಲ್ಲ. ಮನೆಯ ಒಂದೇ ಫೋನು ಅಪ್ಪನ ಜೊತೆ ಹೊಲಕ್ಕೋ ಮಗ್ಗದ ಮನೆಗೋ ಹೋದರೆ ಪಾಠ ರಾತ್ರಿಯ ತನಕ ಕಾಯಬೇಕು. ಇನ್ನೊಂದು ಕಡೆಯ ಅನುಭವವನ್ನು ಹೇಳುತ್ತೇನೆ. ಆಫ್ರಿಕಾದ ಬೋಟ್ಸ್ವಾನಾದಲ್ಲಿ 2020ರಲ್ಲಿ ಸುಮಾರು 4,500 ಕುಟುಂಬಗಳ ಮೇಲೆ ಒಂದು ಅಧ್ಯಯನ ನಡೆಯಿತು. ಕೆಲವರಿಗೆ ವಾರಕ್ಕೊಂದು ಗಣಿತದ ಲೆಕ್ಕವನ್ನು ಸಂದೇಶವಾಗಿ ಕಳಿಸಿದರು. ಇನ್ನು ಕೆಲವರಿಗೆ ಸಂದೇಶದ ಜೊತೆ ಬೋಧಕರೊಬ್ಬರು ವಾರಕ್ಕೊಮ್ಮೆ ಕರೆ ಮಾಡಿ ಹದಿನೈದಿಪ್ಪತ್ತು ನಿಮಿಷ ಮಾತಾಡಿದರು. ಬರೀ ಸಂದೇಶ ಪಡೆದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮಾತಾಡಿಸಿದ ಮಕ್ಕಳು ಗಣಿತದಲ್ಲಿ ಸುಧಾರಿಸಿದರು. ಬಳಸಿದ್ದು ಸಾದಾ ಫೋನು. ಫಲ ಕೊಟ್ಟದ್ದು ಆ ಕಡೆಯ ದನಿ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯದು. ಗುರುಗಳೇ ಇಲ್ಲದ ಕಡೆ ಏನು ಮಾಡುವುದು? ಗಣಿತಕ್ಕೆ, ವಿಜ್ಞಾನಕ್ಕೆ, ಇಂಗ್ಲಿಷಿಗೆ ಶಿಕ್ಷಕರ ಹುದ್ದೆ ಖಾಲಿಯಿದ್ದರೆ ತೆರೆಯ ಪಾಠವಾದರೂ ಬೇಡವೇ? ಬೇಕು. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ದೂರದ ಪಾಠವನ್ನು ಹಿಡಿಯಬಲ್ಲರು. ಕಿತ್ತೂರಿನ ಪ್ರೌಢಶಾಲೆಯ ವಿಜ್ಞಾನ ಪಾಠ ರಾಮದುರ್ಗದ ಹಳ್ಳಿಯೊಂದರ ತರಗತಿಗೆ ನೇರವಾಗಿ ಬಂದರೆ, ಅಲ್ಲಿ ಬೇರೆ ವಿಷಯದ ಶಿಕ್ಷಕರೊಬ್ಬರು ಕೂತಿದ್ದರೆ, ಅದು ದೊಡ್ಡ ಉಪಕಾರ. ಆದರೆ ಒಂದರಿಂದ ಐದನೇ ತರಗತಿಗೆ ಈ ಮಾತು ಒಪ್ಪುವುದಿಲ್ಲ. ಇನ್ನೊಂದು ಎಚ್ಚರವೂ ಬೇಕು. ತೆರೆ ಬಂದಿದೆಯೆಂಬ ನೆಪದಲ್ಲಿ ಖಾಲಿ ಹುದ್ದೆ ಖಾಲಿಯೇ ಉಳಿಯಬಾರದು. ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದು ಕಾನೂನು. ತೆರೆ ಆ ಲೆಕ್ಕಕ್ಕೆ ಬರುವುದಿಲ್ಲ.

ಪೇಟೆಯ ಮಕ್ಕಳು ಮುಂದೆ ಓಡುತ್ತಾರೆ, ನಮ್ಮವರು ಹಿಂದುಳಿಯುತ್ತಾರೆ ಎಂಬ ಭಯವೂ ತಂದೆತಾಯಿಗಳಲ್ಲಿದೆ. ಹಾಗೆಂದು ಆನ್‌ಲೈನ್ ಪಾಠವನ್ನೇ ನಿಲ್ಲಿಸಬೇಕೇ? 2020ರ ಜೂನಿನಲ್ಲಿ ಸರ್ಕಾರ ಎಳೆಯ ಮಕ್ಕಳ ಆನ್‌ಲೈನ್ ತರಗತಿಯನ್ನು ನಿಷೇಧಿಸಿತು. ಜುಲೈಯಲ್ಲಿ ಹೈಕೋರ್ಟು ಆ ನಿಷೇಧಕ್ಕೆ ತಡೆ ಕೊಟ್ಟಿತು. ನಿಷೇಧದಿಂದ ಮಕ್ಕಳ ಶಿಕ್ಷಣದ ಹಕ್ಕಿಗೆ ಧಕ್ಕೆ ಎಂಬ ನ್ಯಾಯಾಲಯದ ಮಾತಿನಲ್ಲಿ ತೂಕವಿದೆ. ಬಾಗಿಲು ಮುಚ್ಚುವುದು ಪರಿಹಾರವಲ್ಲ. ಆದರೆ ಯಂತ್ರ ಹಂಚಿದರೂ ಪರಿಹಾರ ಸಿಗುವುದಿಲ್ಲ. ದಕ್ಷಿಣ ಅಮೆರಿಕದ ಪೆರು ದೇಶ ಬಡ ಮಕ್ಕಳಿಗೆ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಹೊರಬಂದ ಮೌಲ್ಯಮಾಪನದಲ್ಲಿ ಗಣಿತದಲ್ಲೂ ಭಾಷೆಯಲ್ಲೂ ಸುಧಾರಣೆ ಕಾಣಲಿಲ್ಲ. ಶಾಲೆಗಳಲ್ಲಿ ತೆರೆಗಳನ್ನು ಧಾರಾಳವಾಗಿ ಬಳಸಿದ ಸ್ವೀಡನ್, 2023ರಲ್ಲಿ ಅಚ್ಚಾದ ಪಠ್ಯಪುಸ್ತಕಗಳಿಗೆಂದು ಮತ್ತೆ ಹಣ ತೆಗೆದಿಟ್ಟಿತು. ಈಗ ಕೃತಕ ಬುದ್ಧಿಮತ್ತೆಯೂ ಬಂದಿದೆ. ಯಾವ ಪ್ರಶ್ನೆಗೂ ಚಿಟಿಕೆಯಲ್ಲಿ ಉತ್ತರ ಕೊಡುತ್ತದೆ. ಆ ಉತ್ತರ ಸರಿಯೇ ತಪ್ಪೇ ಎಂದು ಅಳೆಯಲು ಮಗುವಿಗೆ ಮೊದಲು ಓದು ಬೇಕು, ಲೆಕ್ಕ ಬೇಕು, ಪ್ರಶ್ನೆ ಕೇಳುವ ಧೈರ್ಯ ಬೇಕು. ಕಾಲ ಬದಲಾದಷ್ಟೂ ಈ ಮೂರರ ಬೆಲೆ ಏರಿದೆ.

ಫೋನು ಬಂದರೆ ಸಾಲದು, ಗುರುವಿನ ಬದಲಿಗೆ ತೆರೆ ಬರಬಾರದು, ಬಾಗಿಲೂ ಮುಚ್ಚಬಾರದು ಎಂದೆ. ಹಾಗಾದರೆ ನಮ್ಮ ಶಾಲೆಗೆ ಬೇಕಾದದ್ದೇನು? ಕೈಕೊಡದ ವಿದ್ಯುತ್ತು, ಗಟ್ಟಿಯಾದ ಒಂದು ಅಂತರ್ಜಾಲ ಸಂಪರ್ಕ, ತರಗತಿಗೆ ಕಾಣುವಷ್ಟು ದೊಡ್ಡ ಒಂದು ತೆರೆ, ಕೆಟ್ಟರೆ ವಾರದೊಳಗೆ ಬಂದು ರಿಪೇರಿ ಮಾಡುವವರು. ಕಂಪ್ಯೂಟರು ಬಂದು, ಕೆಟ್ಟು, ಬೀಗ ಬಿದ್ದ ಕೋಣೆಗಳನ್ನು ನಾಡು ಸಾಕಷ್ಟು ಕಂಡಿದೆ. ಶಾಲೆಯ ಹೊತ್ತು ಮುಗಿದ ಮೇಲೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ತೆರೆದಿರಲಿ. 2020ರ ನವೆಂಬರಿನಲ್ಲಿ ಓದುವ ಬೆಳಕು ಕಾರ್ಯಕ್ರಮದಡಿ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಈ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂಬ ಹೆಸರಿದೆ. ಮನೆಯಲ್ಲಿ ಫೋನಿಲ್ಲದ ಮಗು ಅಲ್ಲಿ ಕೂತು ಓದಲಿ, ಪಕ್ಕದಲ್ಲಿ ಒಬ್ಬ ಗ್ರಂಥಪಾಲಕರಿರಲಿ.

ಇದಕ್ಕೆಲ್ಲ ದುಡ್ಡೆಲ್ಲಿ ಎಂದು ಕೇಳುವವರು ಶಿರಸಂಗಿಯನ್ನು ನೆನೆಯಬೇಕು. ಸವದತ್ತಿ ತಾಲೂಕಿನದೇ ಊರು. ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದರು. ಆ ನಿಧಿಯ ವಿದ್ಯಾರ್ಥಿವೇತನದಿಂದ ತಲೆಮಾರುಗಟ್ಟಲೆ ಹುಡುಗರು ಓದಿದರು. ಅವರ ಕಾಲದಲ್ಲಿ ವಿದ್ಯೆ ದೂರದ ಊರಿನಲ್ಲಿತ್ತು, ಮಗುವನ್ನು ಅಲ್ಲಿಗೆ ಕಳಿಸಲು ಹಣ ಬೇಕಿತ್ತು. ಇಂದು ಪಾಠ ಊರಿನ ತನಕ ಬಂದು ನಿಂತಿದೆ. ಅದನ್ನು ಮಗುವಿನ ಬೆಂಚಿನ ತನಕ ತರುವ ಖರ್ಚಷ್ಟೇ ಉಳಿದಿದೆ.

ಕೇಳುಗರೇ, ಬೈಲಹೊಂಗಲದವರೇ, ಕಿತ್ತೂರಿನವರೇ, ಸವದತ್ತಿ, ರಾಮದುರ್ಗದವರೇ, ನಿಮ್ಮ ಊರಿನ ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ತಪ್ಪದೆ ಹೋಗಿ. ಶಾಲೆಗೆ ಹೊಸ ತೆರೆ ಬಂದಿದ್ದರೆ ಸಂತೋಷಪಡಿ. ಆಮೇಲೆ ಮೂರನೇ ತರಗತಿಗೆ ಹೋಗಿ, ಕಡೆಯಲ್ಲಿ ಕೂತ ಮಗುವಿನ ಕೈಗೆ ಎರಡನೇ ತರಗತಿಯ ಪುಸ್ತಕ ಕೊಟ್ಟು ಓದಿಸಿ. ಅದು ಓದದಿದ್ದರೆ, ಗುರುಗಳನ್ನು ಬಯ್ಯದೆ, ನಿಮಗೇನು ಬೇಕು, ನಿಮ್ಮ ಯಾವ ಹೊರೆ ಇಳಿಸಬೇಕು ಎಂದು ಅವರನ್ನು ಕೇಳಿ.